ಇನ್ನು ಮುಂದೆ ಬಿಡಿ ಪಾರ್ಟ್ ಕೂಡ ಸಿಗುತ್ತದೆ

ಪ್ರಿಯ ಸಂಗೀತ ಶಿಕ್ಷಕರಿಗೆ, ಬ್ಯಾಂಡ್ ಮೇಷ್ಟ್ರುಗಳಿಗೆ,

ಮುಂದಿನ ತಿಂಗಳಿಂದ ನಮ್ಮ ವಾದ್ಯವೃಂದದ ಪುಸ್ತಕಗಳನ್ನು, ಎಲ್ಲ ವಾದ್ಯಗಳ ಹಾಳೆಗಳೂ ಒಟ್ಟಿಗಿರುವ ಸೆಟ್ ಲೆಕ್ಕದಲ್ಲಿ ಅಚ್ಚು ಹಾಕಿಸಿ ಗೋದಾಮಿನಲ್ಲಿ ಪೇರಿಸಿಡುವುದನ್ನು ನಿಲ್ಲಿಸುತ್ತಿದ್ದೇವೆ. ನಿಮಗೆ ಬೇಕಾದ ಪಾರ್ಟ್ (ಅಂದರೆ ಒಂದು ವಾದ್ಯದವರು ನೋಡಿ ನುಡಿಸುವ ಹಾಳೆ), ಬೇಕಾದಷ್ಟೇ ಪ್ರತಿ, ಆರ್ಡರ್ ಬಂದ ಮೇಲೆ ಅಚ್ಚಾಗುತ್ತದೆ.

ಯಾಕೆ ಅಂತ ನಿಮಗೇ ಗೊತ್ತು. ವರ್ಷದ ಕೊನೆಗೆ ಎಣಿಸಿದರೆ ಎರಡನೇ ಕ್ಲಾರಿನೆಟ್ ಪಾರ್ಟ್ ಮಾಯ, ಟ್ಯೂಬಾದ್ದು ಮಾತ್ರ ಮಡಿಕೆಯೂ ಬೀಳದೆ ಹಾಗೇ ಇರುತ್ತದೆ. ಒಂದು ಹಾಳೆಗಾಗಿ ಪೂರ್ತಿ ಸೆಟ್ ಕೊಳ್ಳಿ ಅಂತ ಹೇಳಿ ಹೇಳಿ ನಮಗೂ ಸಾಕಾಗಿದೆ.

ಈ ಸೆಟ್ ಪದ್ಧತಿ ಅಚ್ಚಿನ ಖರ್ಚಿನಿಂದ ಬಂದದ್ದು. ಹಿಂದೆ ಸ್ವರಲಿಪಿಯನ್ನು ತವರ ಬೆರೆಸಿದ ಲೋಹದ ಪ್ಲೇಟಿನ ಮೇಲೆ ಕೈಯಿಂದ ಕೆತ್ತುತ್ತಿದ್ದರು. ಐದು ಹಲ್ಲಿನ ಸಲಕರಣೆಯಿಂದ, ಸ್ವರಗಳು ಕೂರುವ ಐದೂ ಗೆರೆ ಒಟ್ಟಿಗೆ ಎಳೆದು, ಸ್ವರದ ತಲೆಗಳನ್ನು ಉಕ್ಕಿನ ಅಚ್ಚಿನಿಂದ ಒಂದೊಂದಾಗಿ ಹೊಡೆಯಬೇಕಿತ್ತು, ಅದೂ ಬಲದಿಂದ ಎಡಕ್ಕೆ, ತಿರುಗುಮುರುಗಾಗಿ! ಒಂದು ಸ್ವರ ತಪ್ಪಿದರೆ ಪ್ಲೇಟಿನ ಹಿಂದಿನಿಂದ ತಟ್ಟಿ, ಮುಂದೆ ನಯ ಮಾಡಿ, ಮತ್ತೆ ಹೊಡೆಯಬೇಕು. ಇಷ್ಟೆಲ್ಲ ಮಾಡಿದವರು ಐದಾರು ಪ್ರತಿ ತೆಗೆದು ಸುಮ್ನೆ ಇರ್ತಾರಾ? ಆಫ್‌ಸೆಟ್ ಮುದ್ರಣ ಬಂದ ಮೇಲೆ ಕೆತ್ತನೆ ಹೋಯಿತು, ಆದರೆ ಪ್ಲೇಟಿನ ಖರ್ಚು ಉಳಿಯಿತು. ಹಾಗಾಗಿ ನಾವೂ ಜಾಸ್ತಿ ಪ್ರತಿ ತೆಗೆದು ಸೆಟ್ ಕಟ್ಟುತ್ತಾ ಬಂದೆವು.

ಶಾಲೆಗೆ ಅಗ್ಗದಲ್ಲಿ ಸ್ವರಲಿಪಿ ತಲುಪಿಸಲು ನಮ್ಮ ಕಸುಬಿನವರು ಹಿಂದೆಯೂ ಒದ್ದಾಡಿದ್ದಾರೆ. ಇಂಗ್ಲೆಂಡಿನ ಜಾನ್ ಕರ್ವೆನ್ ಅವರದ್ದು ನಮಗೆ ಬಹಳ ಇಷ್ಟದ ಕಥೆ. ನಾರ್ವಿಚ್‌ನ ಸಾರಾ ಗ್ಲೋವರ್ ಎಂಬ ಶಿಕ್ಷಕಿ ಮಕ್ಕಳಿಗೆ ಹಾಡು ಕಲಿಸುತ್ತಿದ್ದ ಕ್ರಮವನ್ನು ತೆಗೆದುಕೊಂಡು, ಅದನ್ನು ತಿದ್ದಿ, ಡೋ ರೇ ಮಿ ಹೆಸರುಗಳ ಮೊದಲ ಅಕ್ಷರಗಳಲ್ಲೇ ಹಾಡು ಬರೆಯುವ ಟಾನಿಕ್ ಸೋಲ್‌ಫಾವನ್ನು ಅವರು ಬೆಳೆಸಿದರು. ಗೆರೆ ಬೇಡ, ಸ್ವರದ ಅಚ್ಚು ಬೇಡ, ಮಾಮೂಲಿ ಅಕ್ಷರದ ಮೊಳೆ ಇದ್ದರೆ ಸಾಕು. 1863ರಲ್ಲಿ ಸ್ವಂತ ಮುದ್ರಣಾಲಯವನ್ನೇ ಹಾಕಿಕೊಂಡರು. ವಾದ್ಯಕ್ಕೆ ಅದು ಅಷ್ಟು ಒಗ್ಗಲಿಲ್ಲ ಬಿಡಿ, ಆದರೆ ಹಾಡುವವರ ಕೈಗೆ ಹಾಳೆ ತಲುಪಿತು ಅಲ್ವಾ?

ಈಗ ಡಿಜಿಟಲ್ ಅಚ್ಚಿನಲ್ಲಿ ಪ್ಲೇಟೇ ಇಲ್ಲ. ಒಂದೇ ಹಾಳೆ ಬೇಕೆಂದರೂ ತೆಗೆದುಕೊಡಬಹುದು. ಪ್ರತಿಗಳು ಮುಗಿದುಹೋಗಿದ್ದ ಹಳೇ ಪುಸ್ತಕಗಳನ್ನೂ ಒಂದೊಂದಾಗಿ ವಾಪಸ್ ತರುತ್ತೇವೆ. ಒಂದು ತೊಂದರೆ ಇದೆ, ಮುಚ್ಚಿಡುವುದಿಲ್ಲ. ಗೋದಾಮಿನಿಂದ ಎತ್ತಿ ಕಳಿಸಿದಷ್ಟು ಬೇಗ ಇದು ಬರುವುದಿಲ್ಲ, ಕಾರ್ಯಕ್ರಮದ ಹಿಂದಿನ ವಾರ ಆರ್ಡರ್ ಮಾಡಬೇಡಿ. ತೀರಾ ತುರ್ತಿದ್ದರೆ ಪಿಡಿಎಫ್ ತೆಗೆದುಕೊಳ್ಳಿ. ಅದರ ಮೇಲೆ ಶಾಲೆಯ ಹೆಸರು ಇರುತ್ತದೆ, ನಿಮ್ಮ ಮಕ್ಕಳಿಗೆ ಎಷ್ಟು ಬೇಕಾದರೂ ಪ್ರಿಂಟ್ ತೆಗೆಯಿರಿ, ಪಕ್ಕದ ಶಾಲೆಗೆ ಮಾತ್ರ ಕಳಿಸಬೇಡಿ.

ಪುಟ ತಿರುಗಿಸುವ ಜಾಗದಲ್ಲಿ ವಿರಾಮ ಬರುವ ಹಾಗೆ ಸಾಲು ಜೋಡಿಸುವುದು, ಆರಂಭದ ಪುಸ್ತಕಗಳ ದಪ್ಪ ಸ್ವರಗಳು, ಬರೆದುಕೊಳ್ಳಲು ಬಿಡುವ ಅಂಚು, ಇವೆಲ್ಲ ಹಾಗೇ ಇರುತ್ತವೆ. ಈಗಾಗಲೇ ಸೆಟ್‌ಗೆ ದುಡ್ಡು ಕಟ್ಟಿರುವವರಿಗೆ ಸೆಟ್ಟೇ ಬರುತ್ತದೆ. ಕಳೆದುಹೋದ ಪಾರ್ಟುಗಳ ಪಟ್ಟಿಯನ್ನು ಈಗಲೇ ಕಳಿಸಿದರೆ ಮೊದಲು ಅವನ್ನೇ ಅಚ್ಚಿಗೆ ಹಾಕುತ್ತೇವೆ.

ಇಂತಿ,
ನಿಮ್ಮ ಪ್ರಕಾಶನ ಬಳಗ