ಜೋಳದ ಹೊಲದಲ್ಲಿ ದಾರಿ ತಪ್ಪಿದ ಸೈನ್ಯ: ಯುವ ಬರಹಗಾರ್ತಿಗೆ ಒಂದು ಪತ್ರ

ತಂಗಿಗೆ ಆಶೀರ್ವಾದಗಳು.

ನಿನ್ನ ಹಸ್ತಪ್ರತಿ ಕೈಸೇರಿ ಮೂರು ವಾರವಾಯಿತು. ಎರಡು ಸಲ ಓದಿದೆ. ಎರಡನೆಯ ಸಲ ಪೆನ್ಸಿಲ್ ಹಿಡಿದು ಕುಳಿತು, ‘ನಿರ್ಣಾಯಕ’ ಎಂಬ ಪದ ಬಂದಲ್ಲೆಲ್ಲ ಅಡಿಗೆರೆ ಎಳೆಯುತ್ತ ಹೋದೆ. ಮೂವತ್ತೊಂದಾಯಿತು. ರಷ್ಯಾ-ಜಪಾನ್ ಯುದ್ಧ ನಡೆದದ್ದೇ ಹತ್ತೊಂಬತ್ತು ತಿಂಗಳು. ತಿಂಗಳಿಗೆ ಒಂದೂವರೆ ಸಲಕ್ಕಿಂತ ಹೆಚ್ಚು ಎಲ್ಲವೂ ನಿರ್ಣಯವಾಗುತ್ತ ಹೋದರೆ ಓದುವವರು ಯಾವುದನ್ನು ನಂಬಬೇಕು?

ಬೇಸರ ಮಾಡಿಕೊಳ್ಳಬೇಡ. ನೂರಿಪ್ಪತ್ತು ವರ್ಷದ ಹಿಂದೆ ಚೀನಾದ ಈಶಾನ್ಯದ ಮಂಚೂರಿಯಾದಲ್ಲಿ ನಡೆದ ಕಾಳಗದ ಬಗ್ಗೆ ಕನ್ನಡದಲ್ಲಿ ಇನ್ನೂರು ಪುಟ ಬರೆಯಲು ಹೊರಡುವುದೇ ಗಟ್ಟಿ ಎದೆಯ ಕೆಲಸ. ನಾನು ಪರೀಕ್ಷಿಸಿದ ತಾರೀಖುಗಳೆಲ್ಲ ಸರಿಯಾಗಿಯೇ ಇವೆ. ತೊಡಕು ಬೇರೆ ಕಡೆ ಇದೆ. ಪ್ರತಿಯೊಂದು ಕದನವನ್ನೂ ಅದರ ಫಲಿತಾಂಶ ಗೊತ್ತಿದ್ದವಳ ಹಾಗೆ ಬರೆದಿದ್ದೀಯೆ. ನಿನ್ನ ಸೇನಾಪತಿಗಳಿಗೂ ಅದು ಗೊತ್ತಿದ್ದಂತಿದೆ. 1904ರ ಬೇಸಗೆಯಲ್ಲಿ ಅವರಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ.

ಮಂಚೂರಿಯಾದ ಲಿಯಾವ್‌ಯಾಂಗ್ ಊರಿನ ಕದನದ ಅಧ್ಯಾಯವನ್ನೇ ತೆಗೆದುಕೊಳ್ಳೋಣ. ನೀನು ನಾಲ್ಕು ಪುಟಗಳಲ್ಲಿ ಮುಗಿಸಿದ್ದೀಯೆ. ನನ್ನ ಲೆಕ್ಕದಲ್ಲಿ ಪುಸ್ತಕದ ಜೀವ ಇರುವುದೇ ಅಲ್ಲಿ. ಆಗಸ್ಟ್ ಕೊನೆಯ ವಾರ. ರಷ್ಯಾದ ಸೇನಾಪತಿ ಕುರೊಪಾತ್ಕಿನ್ ಬಳಿ ಸುಮಾರು ಒಂದೂವರೆ ಲಕ್ಷ ಸೈನಿಕರು, ಎದುರಿಗಿದ್ದ ಜಪಾನೀಯರು ಅದಕ್ಕಿಂತ ಕಡಿಮೆ. ಜಪಾನಿನ ಕುರೊಕಿ ತನ್ನ ಸೈನ್ಯದ ಒಂದು ಭಾಗವನ್ನು ರಾತ್ರಿ ನದಿ ದಾಟಿಸಿ ಪಕ್ಕಕ್ಕೆ ತಂದು ನಿಲ್ಲಿಸಿದ. ಅವನನ್ನು ಹೊಸಕಿಹಾಕುವಷ್ಟು ಬಲ ರಷ್ಯನ್ನರಲ್ಲಿತ್ತು. ಆದರೆ ಸುತ್ತಲೂ ಗಾವೋಲಿಯಾಂಗ್ ಬೆಳೆದು ನಿಂತಿತ್ತು.

ನೀನು ಅದನ್ನು ‘ಎತ್ತರದ ಒಂದು ಬಗೆಯ ಧಾನ್ಯದ ಗಿಡ’ ಎಂದು ಬರೆದಿದ್ದೀಯೆ. ತಂಗೀ, ಅದು ಜೋಳ! ನಾವು ರೊಟ್ಟಿ ಬಡಿಯುವ ಜೋಳದ ಚೀನೀ ದಾಯಾದಿ. ಜೋಳದ ಸೀಮೆಯ ಹುಡುಗಿ ನೀನು, ಅಂಥ ಪದವನ್ನು ಕೈಬಿಟ್ಟು ‘ಒಂದು ಬಗೆಯ ಧಾನ್ಯ’ ಎಂದರೆ ಹೇಗೆ? ಆಳೆತ್ತರ ಮೀರಿದ ಜೋಳದೊಳಗೆ ಹೊಕ್ಕವರಿಗೆ ಗೊತ್ತು: ನಾಲ್ಕು ಹೆಜ್ಜೆ ಆಚೆಗಿದ್ದವನು ಕಾಣುವುದಿಲ್ಲ, ರವದಿಯ ಸಪ್ಪಳ ಮಾತ್ರ ಕೇಳುತ್ತದೆ, ಆ ಸಪ್ಪಳ ಯಾವ ದಿಕ್ಕಿನದೆಂದು ತಿಳಿಯುವುದಿಲ್ಲ. ಎಲೆಯಂಚು ಮೊಣಕೈಯನ್ನು ಗೀರುತ್ತದೆ. ಗಾಳಿಯಾಡದೆ ಮೈ ಬೆವರಿ ಆ ಗೀರುಗಳು ಉರಿಯುತ್ತವೆ. ಚಿಕ್ಕಂದಿನಲ್ಲಿ ಹಕ್ಕಿ ಕಾಯಲು ಅಟ್ಟದ ಮೇಲೆ ಕುಳಿತಾಗ ಹೊಲವೆಲ್ಲ ನನ್ನದೇ ಎನ್ನಿಸುತ್ತಿತ್ತು. ಕೆಳಗಿಳಿದು ಕವಣೆಯ ಕಲ್ಲು ಹುಡುಕುವಾಗ ನಮ್ಮ ಹೊಲದಲ್ಲೇ ನನಗೆ ದಿಕ್ಕು ತಪ್ಪುತ್ತಿತ್ತು.

ಸೆಪ್ಟೆಂಬರ್ 2ರಂದು ಯೆಂತಾಯ್ ಕಲ್ಲಿದ್ದಲು ಗಣಿಯ ಹತ್ತಿರ ರಷ್ಯಾದ ಜನರಲ್ ಓರ್ಲೊವ್‌ನ ದಳಕ್ಕೆ ಆದದ್ದು ಅದೇ. ಬಹುಪಾಲು ಮೀಸಲು ಪಡೆಯ ಆಳುಗಳು. ಜೋಳದೊಳಗೆ ಹೊಕ್ಕರು, ದಿಕ್ಕು ತಪ್ಪಿದರು, ಕಾಣದ ಕಡೆಯಿಂದ ಗುಂಡು ಬಂತು, ಚೆಲ್ಲಾಪಿಲ್ಲಿಯಾಗಿ ಓಡಿದರು. ಇತ್ತ ಕುರೊಪಾತ್ಕಿನ್, ಎದುರಿಗಿರುವವರು ತನಗಿಂತ ಹೆಚ್ಚು ಎಂದು ನಂಬಿ ಉತ್ತರದ ಮುಕ್ದೆನ್ ನಗರದ ಕಡೆಗೆ ಹಿಂದೆಗೆಯಲು ಆಜ್ಞೆ ಕೊಟ್ಟ. ಬಲವಿದ್ದೂ ಹಿಂದೆ ಸರಿದ. ಇದನ್ನು ‘ಜಪಾನೀ ಶೌರ್ಯದ ನಿರ್ಣಾಯಕ ಗೆಲುವು’ ಎಂದು ಬರೆದು ಮುಂದಿನ ಪುಟಕ್ಕೆ ಹೋಗಲು ನಿನಗೆ ಮನಸ್ಸಾದರೂ ಹೇಗೆ ಬಂತು? ಕಾಣದಿರುವುದೇ ಅಲ್ಲಿ ಯುದ್ಧದ ದಿಕ್ಕು ತಿರುಗಿಸಿತು. ಓದುಗರನ್ನೂ ಆ ಹೊಲದೊಳಗೆ ಇಳಿಸು. ಅಟ್ಟದ ಮೇಲೆ ಕೂರಿಸಬೇಡ.

ಅದಿರಲಿ, ಆ ಜೋಳ ಯಾರದು? ರಷ್ಯನ್ನರದಲ್ಲ, ಜಪಾನೀಯರದಲ್ಲ. ಈ ಯುದ್ಧದಲ್ಲಿ ತಟಸ್ಥವಾಗಿದ್ದ ಚೀನಾದ ರೈತರದು. ಕೊಯ್ಲಿಗೆ ಕೆಲವೇ ವಾರ ಉಳಿದಿದ್ದ ಬೆಳೆ. ಇನ್ನೂರು ಪುಟಗಳಲ್ಲಿ ಅವರಿಗೆ ಒಂದು ವಾಕ್ಯವೂ ಸಿಕ್ಕಿಲ್ಲ.

ನನ್ನ ಪೆಟ್ಟನ್ನೂ ಹೇಳಿಬಿಡುತ್ತೇನೆ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಒಂದು ಐತಿಹಾಸಿಕ ಕಥೆ ಬರೆದೆ. ಅದರಲ್ಲಿ ಆಷಾಢದ ಮಳೆ ಬೀಳುತ್ತಿರುವಾಗ ಕುದುರೆ ಸವಾರರು ಎರೆಹೊಲದ ನಡುವೆ ಮಿಂಚಿನಂತೆ ಹಾಯ್ದು ಹೋಗುತ್ತಾರೆ. ನೆರೆಮನೆಯ ಮುದುಕರೊಬ್ಬರಿಗೆ ಹುರುಪಿನಿಂದ ಓದಿ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದ್ದು ಒಂದೇ ಮಾತು: “ಆ ಕುದುರೆಗಳ ಕಾಲು ಕಿತ್ತುಕೊಟ್ಟವರು ಯಾರು?” ಎರೆಮಣ್ಣು ಹಸಿಯಾದರೆ ನಡೆಯುವವನ ಚಪ್ಪಲಿಯನ್ನೂ ಬಿಡುವುದಿಲ್ಲ. ಅಂದಿನಿಂದ ಯಾವ ಕದನದ ಬಗ್ಗೆ ಓದಿದರೂ ಮೊದಲು ತಿಂಗಳು ಯಾವುದು, ನೆಲ ಎಂಥದು ಎಂದು ನೋಡುತ್ತೇನೆ.

ರಷ್ಯನ್ನರ ವಶದಲ್ಲಿದ್ದ ಪೋರ್ಟ್ ಆರ್ಥರ್ ಬಂದರಿಗೆ ಜಪಾನೀಯರು ಹಾಕಿದ ಮುತ್ತಿಗೆಯನ್ನು ಚೆನ್ನಾಗಿ ಬರೆದಿದ್ದೀಯೆ, ಹೆಚ್ಚು ಕೈಯಾಡಿಸಬೇಡ. 203 ಮೀಟರ್ ಬೆಟ್ಟದ ತುದಿ ಸಿಕ್ಕಿದ್ದರಿಂದ ಬಂದರಿನೊಳಗಿನ ಹಡಗುಗಳು ಕಣ್ಣಿಗೆ ಬಿದ್ದವು, ಅಲ್ಲಿಂದ ಗುರಿ ಹೇಳಿಸಿಕೊಂಡು ದೊಡ್ಡ ಫಿರಂಗಿಗಳು ಅವನ್ನು ಮುಳುಗಿಸಿದವು ಎಂಬುದನ್ನು ತಿಳಿಯಾಗಿ ಹೇಳಿದ್ದೀಯೆ. ಒಂದು ಸಣ್ಣ ಸಂಗತಿ ಸೇರಿಸು. ಮುತ್ತಿಗೆ ಹಾಕಿದ್ದ ಜಪಾನಿನ ಜನರಲ್ ನೋಗಿಯ ಹಿರಿಯ ಮಗ ನಾನ್‌ಶಾನ್ ಕದನದಲ್ಲಿ ಸತ್ತ, ಕಿರಿಯವನು ಇದೇ ಬೆಟ್ಟದಲ್ಲಿ. ನೋಗಿ ಕವಿಯೂ ಹೌದು. ಜಪಾನೀ ಭಾಷೆಯಲ್ಲಿ ಎರಡು-ಸೊನ್ನೆ-ಮೂರು ಎಂಬುದನ್ನು ‘ನಿ-ರೇ-ಸಾನ್’ ಎಂದು ಓದಬಹುದು. ಅದೇ ಉಚ್ಚಾರಣೆಗೆ ‘ನಿನ್ನ ಆತ್ಮದ ಬೆಟ್ಟ’ ಎಂಬ ಅರ್ಥ ಬರುವಂತೆ ಬೇರೆ ಅಕ್ಷರಗಳನ್ನು ಹಾಕಿ ಅವನು ಕವಿತೆ ಬರೆದ. ಹೀಗೆ ನಕ್ಷೆಯ ಅಂಕಿಯೊಂದು ಗೋರಿಯ ಹೆಸರಾಯಿತು. ಇದನ್ನು ಹೇಳಿ ಸುಮ್ಮನಾಗು. ‘ಪುತ್ರಶೋಕಂ ನಿರಂತರಂ’ ಎಂದು ಅಡಿಟಿಪ್ಪಣಿ ಬೇಡ.

ಮುಕ್ದೆನ್ ಕದನಕ್ಕೆ ಮೂವತ್ತು ಪುಟ ಹೆಚ್ಚಾಯಿತು. ಯಾವ ದಳ ಎಡಕ್ಕೆ, ಯಾವ ದಳ ಬಲಕ್ಕೆ ಎಂಬುದನ್ನು ನಕ್ಷೆಗೆ ಬಿಡು. ಅಲ್ಲಿ ಗೆದ್ದ ಜಪಾನೀಯರಲ್ಲೂ ಸತ್ತವರು, ಗಾಯಗೊಂಡವರು ಎಪ್ಪತ್ತು ಸಾವಿರ ದಾಟಿದರು, ಸೋತವರನ್ನು ಬೆನ್ನಟ್ಟಿ ಹೋಗಲು ಆಳುಗಳೇ ಉಳಿಯಲಿಲ್ಲ ಎಂಬುದಷ್ಟು ಬಂದರೆ ಸಾಕು.

ಉಳಿಸಿದ ಪುಟಗಳನ್ನು ಅನ್ನಕ್ಕೆ ಕೊಡು. ನಗಬೇಡ. ಹಳ್ಳಿಯಲ್ಲಿ ಬಾರ್ಲಿ, ಸಿರಿಧಾನ್ಯ ಉಂಡು ಬೆಳೆದ ಜಪಾನೀ ಹುಡುಗರಿಗೆ ಸೈನ್ಯದಲ್ಲಿ ದಿನವೂ ಬಿಳಿ ಅನ್ನ ಸಿಗುತ್ತಿತ್ತು. ಸೈನ್ಯಕ್ಕೆ ಸೇರಲು ಅದೂ ಒಂದು ಆಸೆ. ನಮ್ಮ ಸೀಮೆಯಲ್ಲೂ ಅನ್ನವೆಂದರೆ ಹಬ್ಬದ ಊಟವಾಗಿದ್ದ ಕಾಲವನ್ನು ಕಂಡವನು ನಾನು, ಆ ಆಸೆ ನನಗೆ ಗೊತ್ತು. ತೌಡೆಲ್ಲ ಹೋದ ಅಕ್ಕಿಯನ್ನೇ ಉಂಡು ಅವರ ಕಾಲು ಊದಿತು, ಮರಗಟ್ಟಿತು, ಕೊನೆಗೆ ಹೃದಯ ನಿಂತಿತು. ಬೆರಿಬೆರಿ. ಈ ಯುದ್ಧದಲ್ಲಿ ಸುಮಾರು 27,000 ಜಪಾನೀ ಸೈನಿಕರು ಅದರಿಂದಲೇ ಸತ್ತರು. ನೌಕಾಪಡೆಯ ವೈದ್ಯ ತಕಾಕಿ ಇಪ್ಪತ್ತು ವರ್ಷ ಮೊದಲೇ ಹಡಗುಗಳ ಊಟ ಬದಲಿಸಿ, ಬಾರ್ಲಿ ಬೆರೆಸಿ, ರೋಗವನ್ನು ಹೆಚ್ಚುಕಡಿಮೆ ಓಡಿಸಿದ್ದ. ಭೂಸೇನೆಯ ದೊಡ್ಡ ವೈದ್ಯರು ಒಪ್ಪಲಿಲ್ಲ. ಇದಕ್ಕಿಂತ ಕಟುವಾದ ಅಧ್ಯಾಯ ನಿನಗೆ ಇನ್ನೆಲ್ಲಿ ಸಿಗುತ್ತದೆ?

ಇನ್ನು ತ್ಸುಶಿಮಾ ಜಲಸಂಧಿಯ ನೌಕಾಕದನ. ನೀನು ಜಪಾನಿನ ನೌಕಾಪತಿ ಟೋಗೊನ ಚಾಣಾಕ್ಷತನದಿಂದ ಆರಂಭಿಸಿದ್ದೀಯೆ. ಎಲ್ಲರೂ ಅಲ್ಲಿಂದಲೇ ಆರಂಭಿಸುತ್ತಾರೆ. ನಾನಾಗಿದ್ದರೆ ಒಂದು ದೀಪದಿಂದ ಆರಂಭಿಸುತ್ತಿದ್ದೆ. 1904ರ ಅಕ್ಟೋಬರ್‌ನಲ್ಲಿ ಬಾಲ್ಟಿಕ್ ಸಮುದ್ರದಿಂದ ಹೊರಟ ರಷ್ಯಾದ ನೌಕಾಪಡೆ ಉತ್ತರ ಸಮುದ್ರದಲ್ಲಿ ಬ್ರಿಟಿಷ್ ಮೀನುಗಾರರ ದೋಣಿಗಳನ್ನೇ ಜಪಾನೀ ಹಡಗುಗಳೆಂದು ತಿಳಿದು ಗುಂಡು ಹಾರಿಸಿತು. ಯಾವ ಬಂದರನ್ನು ಕಾಪಾಡಲು ಹೊರಟಿತ್ತೋ ಆ ಪೋರ್ಟ್ ಆರ್ಥರ್ ಬಿದ್ದ ಸುದ್ದಿ ಮಡಗಾಸ್ಕರ್‌ನಲ್ಲಿರುವಾಗ ಬಂತು. ಆದರೂ ಕಲ್ಲಿದ್ದಲಿನ ಚೀಲಗಳನ್ನು ಅಟ್ಟಣೆಯ ಮೇಲೂ ಪೇರಿಸಿಕೊಂಡು ಮುಂದೆ ಸಾಗಿತು. 1905ರ ಮೇ 27ರ ನಸುಕಿಗೆ ಮೊದಲು ಮಂಜು ಕವಿದಿತ್ತು, ಯುದ್ಧನೌಕೆಗಳು ದೀಪ ಮರೆಮಾಡಿಕೊಂಡು ಜಲಸಂಧಿಯನ್ನು ದಾಟುತ್ತಿದ್ದವು. ಹಿಂದೆ ಬರುತ್ತಿದ್ದ ಆಸ್ಪತ್ರೆ ಹಡಗು ಮಾತ್ರ ನಿಯಮದಂತೆ ದೀಪ ಉರಿಸಿಕೊಂಡೇ ಇತ್ತು. ಜಪಾನಿನ ‘ಶಿನಾನೊ ಮಾರು’ ಕಂಡದ್ದು ಆ ದೀಪವನ್ನು. ಹತ್ತಿರ ಬಂದ ಆ ಹಡಗನ್ನು ತಮ್ಮದೇ ಎಂದು ಭಾವಿಸಿದ ಆಸ್ಪತ್ರೆ ಹಡಗು ಸಂಜ್ಞೆಯನ್ನೂ ಕೊಟ್ಟಿತು. ತಂತಿಯಿಲ್ಲದ ತಂತಿಯಲ್ಲಿ ಸುದ್ದಿ ಟೋಗೊಗೆ ಮುಟ್ಟಿತು. ಮರುದಿನದ ಹೊತ್ತಿಗೆ ರಷ್ಯಾದ ಸುಮಾರು ಐದು ಸಾವಿರ ನಾವಿಕರು ನೀರುಪಾಲಾಗಿದ್ದರು, ಜಪಾನಿನವರು ನೂರಕ್ಕೆ ತುಸು ಮೇಲೆ. ವ್ಲಾದಿವೊಸ್ತೋಕ್ ಮುಟ್ಟಿದ್ದು ಮೂರೇ ಹಡಗು. ಗಾಯಾಳುಗಳಿಗಾಗಿ ಉರಿಯುತ್ತಿದ್ದ ಆ ದೀಪದ ಪಕ್ಕದಲ್ಲಿ ಅರ್ಧ ಪುಟವಾದರೂ ನಿಲ್ಲು. ಯಾರದೂ ತಪ್ಪೆಂದು ತೋರಿಸಬೇಡ.

ಕೊನೆಯ ಅಧ್ಯಾಯದ ಬಗ್ಗೆ ಮಾತ್ರ ನಿನ್ನೊಡನೆ ಜಗಳವಿದೆ. ‘ಏಷ್ಯಾ ಎದ್ದು ನಿಂತಿತು’ ಎಂದು ಮುಗಿಸಿದ್ದೀಯೆ. ಅಂದು ನಮ್ಮವರು ಹಿಗ್ಗಿದ್ದು ನಿಜ. ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧಿಯೂ ಜಪಾನಿನ ಗೆಲುವನ್ನು ಮೆಚ್ಚಿ ಬರೆದರು. ಆ ಹಿಗ್ಗನ್ನು ಬರೆ, ಮುಚ್ಚಿಡಬೇಡ. ಆದರೆ ಯುದ್ಧ ಮುಗಿಸಿದ ಪೋರ್ಟ್ಸ್‌ಮತ್ ಒಪ್ಪಂದಕ್ಕೆ ಸಹಿ ಬಿದ್ದ 1905ರ ಸೆಪ್ಟೆಂಬರ್ 5ರಂದೇ ಟೋಕಿಯೋದ ಜನ, ಇಷ್ಟು ಸತ್ತು ಸಿಕ್ಕಿದ್ದು ಇಷ್ಟೇನಾ ಎಂದು ಪೊಲೀಸ್ ಚೌಕಿಗಳಿಗೆ ಬೆಂಕಿ ಇಟ್ಟರು. ಅದೇ ನವೆಂಬರ್‌ನಲ್ಲಿ ಕೊರಿಯಾ ಜಪಾನಿನ ರಕ್ಷಿತ ರಾಜ್ಯವಾಯಿತು, 1910ರಲ್ಲಿ ಪೂರ್ತಿ ಅದರ ವಶವಾಯಿತು. ಸೋಲ್ ನಗರದ ಹುಡುಗಿಯೊಬ್ಬಳು ನಿನ್ನ ಕೊನೆಯ ವಾಕ್ಯವನ್ನು ಓದುತ್ತಿದ್ದಾಳೆ ಎಂದುಕೊಂಡು ಅದನ್ನು ಮತ್ತೆ ಬರೆ.

ಮರೆತಿದ್ದೆ. ರಷ್ಯಾದ ನೌಕಾಪತಿ ಮಕಾರೊವ್‌ನ ಹಡಗು 1904ರ ಏಪ್ರಿಲ್‌ನಲ್ಲಿ ಕಡಲಲ್ಲಿ ಇಟ್ಟಿದ್ದ ಸಿಡಿಗುಂಡಿಗೆ ತಾಗಿ ಮುಳುಗಿದ್ದನ್ನು ಬರೆದಿದ್ದೀಯೆ. ಆ ಹಡಗಿನಲ್ಲಿ ಚಿತ್ರಕಾರ ವೆರೆಶ್ಚಾಗಿನ್ ಕೂಡ ಇದ್ದ. ತಲೆಬುರುಡೆಗಳ ರಾಶಿಯೊಂದನ್ನು ಚಿತ್ರಿಸಿ ಹಿಂದಿನ, ಇಂದಿನ, ಮುಂದಿನ ಎಲ್ಲ ವಿಜಯಿಗಳಿಗೂ ಅರ್ಪಿಸಿದವನು. ನಮ್ಮ ದೇಶಕ್ಕೂ ಬಂದು ಚಿತ್ರ ಬರೆದವನು. ಅರವತ್ತು ದಾಟಿದ ಮೇಲೂ ಯುದ್ಧವನ್ನು ಕಣ್ಣಾರೆ ನೋಡುತ್ತೇನೆಂದು ಹೋಗಿ ಅಲ್ಲೇ ಮುಳುಗಿದ. ಅವನನ್ನು ಹೇಗೆ ಬಿಟ್ಟೆಯೋ ತಿಳಿಯದು.

ಲಿಯಾವ್‌ಯಾಂಗ್ ಅಧ್ಯಾಯವನ್ನು ಮೊದಲು ತಿದ್ದು, ಉಳಿದದ್ದು ಆಮೇಲೆ. ಎಳ್ಳ ಅಮಾವಾಸ್ಯೆಗೆ ಊರಿಗೆ ಬಾ. ಚರಗ ಚೆಲ್ಲಿ ಊಟ ಮಾಡಿದ ಮೇಲೆ ನಮ್ಮ ಹೊಲಕ್ಕೇ ಹೋಗೋಣ. ಈ ಸಲ ಜೋಳ ಎತ್ತರ ಬಂದಿದೆ. ಒಳಗೆ ನೂರು ಹೆಜ್ಜೆ ನಡೆದು ಅಲ್ಲಿಂದ ನನ್ನನ್ನು ಕೂಗು. ನಾನು ಬದುವಿನ ಮೇಲೆ ಸೀತನಿ ಸುಡುತ್ತ ಕುಳಿತಿರುತ್ತೇನೆ.

ಇತಿ,
ನಿನ್ನ ಹಿತೈಷಿ