ಆಟದ ಅಂಗಳಕ್ಕೆ ತಂಬಾಕಿನ ನೆರಳು ಬೇಡ

ಮಾನ್ಯ ಸಂಪಾದಕರೇ,

1996ರಲ್ಲಿ ಭಾರತ, ಪಾಕಿಸ್ತಾನ ಮತ್ತು ಶ್ರೀಲಂಕಾ ಜಂಟಿಯಾಗಿ ನಡೆಸಿದ ಕ್ರಿಕೆಟ್ ವಿಶ್ವಕಪ್‌ಗೆ ಸಿಗರೇಟಿನ ಹೆಸರನ್ನೇ ಇಡಲಾಗಿತ್ತು: ವಿಲ್ಸ್ ವಿಶ್ವಕಪ್. ಐಟಿಸಿ ಕಂಪನಿಯ ಈ ಬ್ರ್ಯಾಂಡ್ ಆ ದಶಕದಲ್ಲಿ ಭಾರತ ತಂಡದ ಅಂಗಿಯ ಮೇಲೂ ಇತ್ತು. ನಮ್ಮ ಜಿಲ್ಲೆಯ ಹೆಮ್ಮೆಯಾದ ಜಾವಗಲ್ ಶ್ರೀನಾಥ್ ಅವರ ಬೌಲಿಂಗನ್ನು ಟಿ.ವಿ. ಮುಂದೆ ಕುಳಿತು ಕಣ್ಣರಳಿಸಿ ನೋಡುತ್ತಿದ್ದ ಹಾಸನದ ಹುಡುಗರಿಗೆ, ಸಿಗರೇಟು ಮುಟ್ಟುವ ವಯಸ್ಸಿಗೆ ಮೊದಲೇ ಅದರ ಹೆಸರು ಬಾಯಿಪಾಠವಾಗಿತ್ತು. ಇಂತಹ ಪ್ರಾಯೋಜಕತ್ವದ ಉದ್ದೇಶವೂ ಅದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಿಷೇಧದ ಮಸೂದೆ ಮುಂದೆ ಬಂದಾಗ, 2001ರಲ್ಲಿ ಕಂಪನಿ ಹಿಂದೆ ಸರಿಯಿತು. 2003ರ ಕಾಯ್ದೆ ತಂಬಾಕು ಜಾಹೀರಾತನ್ನು ನಿಷೇಧಿಸಿತು. ಆದರೆ ಗುಟ್ಕಾಕ್ಕೆ ಹೆಸರಾದ ಬ್ರ್ಯಾಂಡುಗಳು ಈಗ ಏಲಕ್ಕಿ, ಪಾನ್ ಮಸಾಲಾಗಳ ವೇಷದಲ್ಲಿ, ಅದೇ ಅಕ್ಷರ, ಅದೇ ಬಣ್ಣಗಳೊಂದಿಗೆ ಓವರುಗಳ ನಡುವೆ ಮತ್ತೆ ಪರದೆಗೆ ಬಂದಿವೆ. ಅರಕಲಗೂಡು ಭಾಗದ ತಂಬಾಕು ಬೆಳೆಗಾರರ ಬದುಕಿನ ಪ್ರಶ್ನೆ ಬೇರೆಯೇ ಆಗಿದ್ದು, ಅದನ್ನು ಪ್ರತ್ಯೇಕವಾಗಿ, ಸಹಾನುಭೂತಿಯಿಂದ ಚರ್ಚಿಸಬೇಕು. ಸರ್ಕಾರ ಈ ಮರೆಮಾಚಿದ ಜಾಹೀರಾತುಗಳನ್ನು ತಡೆಯಲಿ. ಹೋಬಳಿ ಮಟ್ಟದ ಟೂರ್ನಿಗಳ ಸಂಘಟಕರೂ ಇಂತಹ ಬ್ಯಾನರುಗಳನ್ನು ಮೈದಾನದೊಳಗೆ ಕಟ್ಟಲು ಬಿಡಬಾರದೆಂದು ವಿನಂತಿಸುತ್ತೇನೆ.

– ಒಬ್ಬ ಓದುಗ, ಹಾಸನ