ನೆಟ್ಟ ರೆಂಜೆ ಮರ ಇನ್ನೂ ಸತ್ತಿಲ್ಲ, ಮಳೆಗಾಲಕ್ಕೆ ಮೊದಲು ಬನ್ನಿ

ಮಂಗಲ್ಪಾಡಿ, ಮಂಜೇಶ್ವರ ತಾಲೂಕು
ಮೇ 12

ಇವರಿಗೆ,
ವ್ಯವಸ್ಥಾಪಕರು,
ಮರ ಸ್ಥಳಾಂತರ ವಿಭಾಗ

ಮಾನ್ಯರೇ,

ವಿಷಯ: ಮಾರ್ಚ್ 19ರಂದು ನಮ್ಮಲ್ಲಿ ನೆಟ್ಟುಕೊಟ್ಟ ರೆಂಜೆ (ಬಕುಲ) ಮರದ ದುಃಸ್ಥಿತಿ ಮತ್ತು ಸೇವಾ ನ್ಯೂನತೆ

ಹೆದ್ದಾರಿ ಅಗಲವಾಗುವಾಗ ನಮ್ಮ ಅಂಗಳದ ಮುಂಭಾಗ ಹೋಯಿತು. ಹೋಗುವ ಜಾಗದಲ್ಲಿ ನನ್ನ ತಂದೆ 1998ರಲ್ಲಿ ನೆಟ್ಟ ರೆಂಜೆ ಮರವಿತ್ತು. ಕಡಿಯಲು ಮನಸ್ಸು ಬಾರದೆ, ಅದನ್ನು ಬೇರುಸಹಿತ ಕಿತ್ತು ಮನೆಯ ಹಿಂದಿನ ಗುಡ್ಡದಲ್ಲಿ ನೆಡಲು ನಿಮ್ಮನ್ನು ಕರೆದೆವು. 38,000 ರೂಪಾಯಿ ಕೊಟ್ಟೆವು. ಒಂದು ವರ್ಷದ ನಿಗಾ, ನಾಲ್ಕು ಭೇಟಿ ಎಂದು ನೀವು ಬರೆದುಕೊಟ್ಟಿದ್ದೀರಿ. ಈವರೆಗೆ ಬಂದದ್ದು ಒಂದೇ ಸಲ, ಅದೂ ಬಾಕಿ ಹಣಕ್ಕೆ.

ಏಪ್ರಿಲ್ ಮೊದಲ ವಾರದಿಂದ ಎಲೆಗಳ ಅಂಚು ಕಂದತೊಡಗಿತು. ಫೋನ್ ಮಾಡಿದೆ. ದಿನಕ್ಕೆರಡು ಹೊತ್ತು ತುಂಬ ನೀರು ಬಿಡಿ ಎಂದರು. ಬಿಟ್ಟೆವು. ಇನ್ನೂ ಕಂದಿತು. ಒಂದು ಹಿಡಿ ಯೂರಿಯಾ ಹಾಕಿ ಎಂದರು. ಅದನ್ನೂ ಹಾಕಿದೆ. ಹಾಕಬಾರದಿತ್ತು ಎಂದು ಈಗ ಗೊತ್ತು: ಬೇರು ಕಡಿದ ಮರಕ್ಕೆ ರಾಸಾಯನಿಕ ಗೊಬ್ಬರ ಅನ್ನವಲ್ಲ, ಉಳಿದ ಎಳೆಬೇರನ್ನೂ ಸುಡುತ್ತದೆ. ಮೂರನೆಯ ಸಲ ಫೋನ್ ಮಾಡಿದಾಗ ಬಂದ ಉತ್ತರ ಕೇಳಿ ನಾನು ಈ ಪತ್ರ ಬರೆಯಲು ಕುಳಿತೆ. "ಪೂರ್ತಿ ಸತ್ತ ಮೇಲೆ ಹೇಳಿ, ಗ್ಯಾರಂಟಿ ಇದೆ, ಬೇರೆ ಗಿಡ ಕೊಡುತ್ತೇವೆ. ಈಗ ಮಳೆ ಬಂದರೆ ತನ್ನಿಂತಾನೇ ಸರಿಹೋಗುತ್ತದೆ."

ನನಗೆ ಬೇರೆ ಗಿಡ ಬೇಡ. ಈ ಮರ ಬೇಕು, ಇದು ಬದುಕಿದೆ. ಉಗುರಿನಿಂದ ತೊಗಟೆ ಕೆರೆದು ನೋಡಿದ್ದೇನೆ. ತುದಿಯ ಎರಡು ಕೊಂಬೆಗಳಲ್ಲಿ ಒಳಗೆ ಕಂದು, ಒಣ. ಅಲ್ಲಿ ಎಲೆಗಳೂ ಸುರುಟಿ ಹಾಗೇ ನೇತಾಡುತ್ತಿವೆ. ಕೆಳಗಿನ ಕೊಂಬೆಗಳಲ್ಲಿ ತೊಗಟೆಯಡಿ ಹಸಿರು, ಒದ್ದೆ. ಅಲ್ಲಿನ ಎಲೆ ಹಳದಿಯಾಗಿ ಕಳಚಿ ಬೀಳುತ್ತಿದೆ. ಎಲೆಯನ್ನು ಕಳಚಿ ಬೀಳಿಸುವುದಕ್ಕೂ ಕೊಂಬೆಗೆ ಜೀವ ಬೇಕು. ನಿಮ್ಮವರು ಒಮ್ಮೆ ಬಂದು ನೋಡಿದ್ದರೆ ಇಷ್ಟು ಅವರಿಗೂ ತಿಳಿಯುತ್ತಿತ್ತು.

ಮಳೆಯ ಮಾತಿಗೆ ಬರುತ್ತೇನೆ, ನನ್ನ ಹೆದರಿಕೆಯೆಲ್ಲ ಅಲ್ಲೇ ಇರುವುದು. ಕಳೆದ ಭಾನುವಾರ ಬುಡದ ಮಣ್ಣನ್ನು ಕೈಯಲ್ಲೇ ಬಿಡಿಸಿದೆ. ಬೇರು ಕವಲೊಡೆಯುವ ಅಗಲವಾದ ಬುಡಭಾಗ ನೆಲದ ಮೇಲೆ ಕಾಣಬೇಕಿತ್ತು. ಅದು ಒಂದು ಗೇಣು ಆಳದಲ್ಲಿ ಹೂತಿದೆ. ಅದರ ಕೆಳಗೆ ನೀವು ಬೇರಿನ ಉಂಡೆಗೆ ಸುತ್ತಿ ತಂದ ಪ್ಲಾಸ್ಟಿಕ್ ಗೋಣಿ, ನೈಲಾನ್ ಹಗ್ಗದ ಸಮೇತ ಹಾಗೆಯೇ ಇದೆ. ಸೆಣಬಿನದ್ದಾದರೆ ಕರಗುತ್ತಿತ್ತು. ಇದು ಎಂದಿಗೂ ಕರಗುವುದಿಲ್ಲ. ಇನ್ನೂ ಸ್ವಲ್ಪ ತೋಡಿದಾಗ ನೀರು ನಿಂತಿತ್ತು, ಕೊಳೆತ ನಾತ ಬಂತು. ನಮ್ಮ ಗುಡ್ಡ ಮುರಕಲ್ಲು (ಜಂಬಿಟ್ಟಿಗೆ). ಅದರಲ್ಲಿ ಜೆಸಿಬಿಯಿಂದ ಕೊರೆದ ಗುಂಡಿ, ಕೆಳಬದಿಗೆ ನೀರು ಹೋಗಲು ಒಂದು ಕಣಿ (ಕಾಲುವೆ) ಕಡಿಯದಿದ್ದರೆ, ಬಾನಿಯ ಹಾಗೆ ನೀರು ಹಿಡಿದಿಡುತ್ತದೆ. ನಾವು ದಿನಾ ಎರಡು ಹೊತ್ತು ಆ ಬಾನಿ ತುಂಬಿಸುತ್ತಿದ್ದೆವು. ನೀರಿನಲ್ಲಿ ಮುಳುಗಿದ ಬೇರಿಗೆ ಉಸಿರಿಲ್ಲ, ಉಸಿರಿಲ್ಲದ ಬೇರು ನೀರು ಎಳೆಯಲಾರದು, ಹಾಗಾಗಿ ಮೇಲೆ ಎಲೆ ಬಾಯಾರಿ ಒಣಗುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಸುಮಾರು 3,500 ಮಿ.ಮೀ. ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಅಷ್ಟು ನೀರು ಈ ಗುಂಡಿಗೆ ಇಳಿದರೆ ಮರ ಸರಿಹೋಗುವುದಿಲ್ಲ, ಮುಳುಗುತ್ತದೆ.

ಕಿತ್ತ ರೀತಿಯ ಬಗೆಗೂ ಹೇಳಲೇಬೇಕು. ಬುಡದಿಂದ ಒಂದಡಿ ಮೇಲೆ ಮರದ ಸುತ್ತಳತೆ 25 ಇಂಚು, ಅಂದರೆ ದಪ್ಪ 8 ಇಂಚು. ಕಾಂಡದ ದಪ್ಪದ ಇಂಚಿಗೆ 10 ಇಂಚಿನಂತೆ ಬೇರಿನ ಉಂಡೆ ಬೇಕು ಎಂಬ ಲೆಕ್ಕದಲ್ಲಿ ಆರೂವರೆ ಅಡಿಗೂ ಮಿಕ್ಕಿ ಅಗಲ ಇರಬೇಕಿತ್ತು. ನೀವು ಎತ್ತಿದ್ದು ಮೂರೂವರೆ ಅಡಿ. ಬೇರನ್ನು ಗರಗಸದಲ್ಲಿ ಕೊಯ್ಯಲಿಲ್ಲ, ಜೆಸಿಬಿಯ ಬಕೆಟ್ಟಿನಿಂದ ಹರಿದಿರಿ. ತಿಂಗಳುಗಳ ಮೊದಲೇ ಸುತ್ತ ಕಣಿ ತೆಗೆದು ಬೇರು ಸವರಿಬಿಟ್ಟರೆ ಹೊಸ ಎಳೆಬೇರು ಒಳಗೇ ಬರುತ್ತದೆ. ಅದಕ್ಕೆಂದೇ ನಾವು ಅಕ್ಟೋಬರ್‌ನಲ್ಲಿ ಹೇಳಿದ್ದೆವು. ನೀವು ಬಂದದ್ದು ಸುಡುಬಿಸಿಲಿನ ಮಾರ್ಚ್‌ನಲ್ಲಿ, ಕ್ರೇನ್ ಸಹಿತ, ಹಿಂದಿನ ರಾತ್ರಿ ಫೋನ್ ಮಾಡಿ. ರೆಂಜೆ ಎಲೆಯುದುರಿಸಿ ವಿಶ್ರಮಿಸುವ ಮರವಲ್ಲ. ವರ್ಷವಿಡೀ ಹಸಿರು, ವರ್ಷವಿಡೀ ಎಲೆಯಿಂದ ನೀರು ಆವಿಯಾಗುತ್ತಲೇ ಇರುತ್ತದೆ. ಇಂಥ ಮರಕ್ಕೆ ಬೇರು ಕಳಕೊಳ್ಳುವುದು ಎಷ್ಟು ದೊಡ್ಡ ಪೆಟ್ಟು ಎಂದು ಈ ಕೆಲಸಕ್ಕೆ ಹಣ ಪಡೆಯುವವರಿಗೆ ತಿಳಿದಿರಬೇಕು.

ನೀವು ಕೊಟ್ಟ ಆರೈಕೆಯ ಚೀಟಿ ಮಲಯಾಳ ಮತ್ತು ಇಂಗ್ಲಿಷಿನಲ್ಲಿತ್ತು. ಹಗಲು ಮರದ ಬಳಿ ಇರುವವರು ನನ್ನ ತಾಯಿ. ಅವರು ಓದಿದ್ದು ಕನ್ನಡ ಶಾಲೆಯಲ್ಲಿ, ಓದಬಲ್ಲದ್ದು ಕನ್ನಡ ಮಾತ್ರ. ಬೆಳಗ್ಗೆ ಉದುರಿದ ರೆಂಜೆ ಹೂ ಹೆಕ್ಕಿ ಬಾಳೆನಾರಿನಲ್ಲಿ ಪೋಣಿಸುವುದು ಅವರ ದಿನದ ಮೊದಲ ಕೆಲಸವಾಗಿತ್ತು. ಒಣಗಿದ ಮೇಲೂ ಪರಿಮಳ ಬಿಡದ ಹೂವೆಂದು ತಂದೆಯ ಫೋಟೋದ ಮಾಲೆಯನ್ನು ತಿಂಗಳುಗಟ್ಟಲೆ ತೆಗೆಯುತ್ತಿರಲಿಲ್ಲ. ಈಗ ಅವರು ದಿನಾ ಹೋಗಿ ಬುಡ ಮುಟ್ಟಿ ಬರುತ್ತಾರೆ, ನನ್ನಲ್ಲಿ ಏನೂ ಕೇಳುವುದಿಲ್ಲ.

ನನ್ನಿಂದಾದಷ್ಟು ಮಾಡಿದ್ದೇನೆ. ನೀರು ನಿಲ್ಲಿಸಿದ್ದೇನೆ, ಎರಡಿಂಚು ಆಳಕ್ಕೆ ಬೆರಳಿಟ್ಟು ಒಣಗಿದೆ ಅನಿಸಿದರೆ ಮಾತ್ರ ಕೊಡುತ್ತೇನೆ. ಪಡುವಣ ಬಿಸಿಲಿಗೆ ತೆಂಗಿನ ಮಡಲು ಕಟ್ಟಿದ್ದೇನೆ. ಕಾಂಡಕ್ಕೆ ತಾಗದಂತೆ ತರಗೆಲೆ ಹರಡಿದ್ದೇನೆ. ಮುರಕಲ್ಲು ಕಡಿಯುವುದು ಮಾತ್ರ ನಮ್ಮಿಬ್ಬರಿಂದ ಆಗುವ ಕೆಲಸವಲ್ಲ.

ಆದ್ದರಿಂದ, ಪತ್ತನಾಜೆಯೊಳಗೆ, ಅಂದರೆ ಮೇ 24ರ ಹೊತ್ತಿಗೆ, ತಿಳಿದ ಒಬ್ಬರನ್ನು ಆಳುಗಳ ಸಮೇತ ಕಳಿಸಿ. ಗುಂಡಿಯ ತಳಕ್ಕೆ ಸಮನಾಗಿ ಕೆಳಬದಿಗೆ ಕಣಿ ಕಡಿಸಿ. ಬುಡದ ಮೇಲಿನ ಮಣ್ಣು ತೆಗೆಸಿ, ಸಿಕ್ಕಷ್ಟು ಗೋಣಿ ಹಗ್ಗ ಕತ್ತರಿಸಿ ಹೊರಹಾಕಿಸಿ. ಮಳೆಗಾಲದ ಗಾಳಿಗೆ ಬುಡ ಅಲುಗದಂತೆ ಮೂರು ಕಡೆಯಿಂದ ಆಧಾರ ಕೊಡಿಸಿ. ಮುಂದಿನ ಆರೈಕೆಯನ್ನು ಕನ್ನಡದಲ್ಲಿ ಬರೆದುಕೊಡಿ. ಮಾಡದ ಭೇಟಿಗಳಿಗೂ ಕೆಟ್ಟ ಕೆಲಸಕ್ಕೂ ಅರ್ಧ ಹಣ ಹಿಂದಿರುಗಿಸಿ. 15 ದಿನಗಳಲ್ಲಿ ಲಿಖಿತ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ರಶೀದಿ, ನೀವು ಬರೆದುಕೊಟ್ಟ ಒಪ್ಪಂದ, ಬುಡ ಬಿಡಿಸಿದಾಗ ತೆಗೆದ ಫೋಟೋಗಳ ಪ್ರತಿ ಇದರೊಂದಿಗಿವೆ.

ಬರುವವರು ಕಲ್ಲು ಕೊಯ್ಯುವ ಯಂತ್ರ ತರಲಿ. ಹಾರೆ, ಪಿಕ್ಕಾಸು ನಮ್ಮಲ್ಲಿವೆ. ತಾಯಿ ಮನೆಯಲ್ಲೇ ಇರುತ್ತಾರೆ, ಯಾವ ದಿನವಾದರೂ ಬರಬಹುದು.

ಇತಿ,
ನಿಮ್ಮ ಗ್ರಾಹಕಿ